ಅವನ ಕೊರಳಲ್ಲಿ ವಿಷಲ್



ಹೊಳೆನರಸೀಪುರ ಕಡೆಯ ನಮ್ಮ ಕೇರಿ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. "ಅಣ್ಣಾ, ಫುಟ್‌ಬಾಲ್ ಕೋಚಿಂಗ್ ಡಿ ಲೈಸೆನ್ಸ್ ಪಾಸಾಯ್ತು!" ಅದಾದ ಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಒಂದೊಂದು ಮೆಟ್ಟಿಲಿಗೂ ಫೀಸು, ಊಟ, ವಸತಿ, ಜೊತೆಗೆ ಕಳ್ಕೊಂಡ ದಿನಗಳ ಕೂಲಿ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಕೋಚ್ ರವಿಬಾಬು ರಾಜು. ಅವತ್ತು ಇವನು, "ನಾನೂ ಹಂಗೆ ಕೋಚ್ ಆಗ್ತೀನಣ್ಣ" ಅಂದಿದ್ದ. ನಾನು ನಕ್ಕಿದ್ದೆ. ತಪ್ಪು ನನ್ನದೇ. ಪೊಲೀಸು, ಮೇಷ್ಟ್ರು, ಗ್ರೂಪ್ ಡಿ ಬಿಟ್ಟು ನಮ್ಮ ಹುಡುಗರಿಗೆ ನಾವು ಬೇರೆ ಕನಸು ಹೇಳಿಯೇ ಇಲ್ಲ.

ಈಗ ಭಾನುವಾರ ಹಾಸನದ ಮೈದಾನಕ್ಕೆ ಅರಕಲಗೂಡು, ಚನ್ನರಾಯಪಟ್ಟಣದಿಂದ ಮಕ್ಕಳು ಬಸ್ಸಲ್ಲಿ ಬರ್ತಾರೆ. ಎಲ್ಲಾ ಜಾತಿಯವರೂ ಇದಾರೆ. ಇವನು ವಿಷಲ್ ಊದಿದರೆ ಓಡ್ತಾರೆ, "ಸರ್" ಅಂತಾರೆ. ಇವನ ತಾತನನ್ನ ಊರಲ್ಲಿ "ಲೇ" ಅಂತ ಕೂಗ್ತಿದ್ರು.

ಸನ್ಮಾನ, ಶಾಲು, ಹಾರ ಇವನಿಗೆ ಬೇಡ. ಸಿ ಲೈಸೆನ್ಸಿನ ಫೀಸು ಬೇಕು. ಈ ಸಲ ಏಪ್ರಿಲ್ 14ಕ್ಕೆ ಫ್ಲೆಕ್ಸ್ ಒಂದೆರಡು ಕಮ್ಮಿ ಮಾಡಿ, ಆ ದುಡ್ಡು ಇದಕ್ಕೆ ಎತ್ತಿಡೋಣ. ಬಾಬಾಸಾಹೇಬರು ಬೇಜಾರು ಮಾಡ್ಕೊಳಲ್ಲ.

ಜೈಭೀಮ್.