ನೋಡಿ ಖಾತ್ರಿ ಮಾಡಿಕೊಂಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಗಾದೆಯ ‘ನೋಡು’ ಕಣ್ಣಿನ ಕೆಲಸವಲ್ಲ. ಮಾಡಿ ಅನುಭವಿಸು ಎಂದರ್ಥ. ಮರಾಠಿಯ ‘ಘರ ಪಾಹಾವೇ ಬಾಂಧೂನ, ಲಗ್ನ ಪಾಹಾವೇ ಕರೂನ’ ಗಾದೆಯಲ್ಲೂ ನೋಡುವ ಕ್ರಿಯಾಪದ ಇದೇ ಚಾಕರಿ ಮಾಡುತ್ತದೆ. ಆದರೆ ಪುಣೆಯಂಥ ಊರಿನಲ್ಲಿ ನಮ್ಮಂಥವರು ಮನೆ ಕಟ್ಟುವುದಿಲ್ಲ. ಇನ್ನೊಬ್ಬರು ಇಪ್ಪತ್ತು ವರ್ಷ ಬಾಳಿದ ಫ್ಲ್ಯಾಟ್ ಕೊಳ್ಳುತ್ತೇವೆ. ಆಗ ‘ನೋಡು’ ತನ್ನ ಮೊದಲ ಅರ್ಥಕ್ಕೆ ಮರಳುತ್ತದೆ. ಟಾರ್ಚ್ ಹಿಡಿದು, ಮೊಣಕಾಲೂರಿ, ಸಿಂಕಿನ ಕೆಳಗೆ ನೋಡಬೇಕಾಗುತ್ತದೆ.

ಮರಾಠಿ ದಸ್ತಾವೇಜುಗಳ ಅನುವಾದ ನನ್ನ ಹೊಟ್ಟೆಪಾಡಿನ ಒಂದು ಭಾಗ. ‘ಚತುಃಸೀಮಾ’ ಎಂದರೆ ನಮ್ಮ ಚಕ್ಕುಬಂದಿ, ‘ತಾಬಾ’ ಎಂದರೆ ಸ್ವಾಧೀನ. ಖರೀದಿದಾರರು ಮನೆಯನ್ನು ಖುದ್ದಾಗಿ ನೋಡಿ ಖಾತ್ರಿ ಮಾಡಿಕೊಂಡಿದ್ದಾರೆ ಎಂಬ ಸಾಲನ್ನಂತೂ ಎಷ್ಟು ಸಲ ಕನ್ನಡಕ್ಕೆ ತಂದಿದ್ದೇನೋ. ನಮ್ಮದೇ ಖರೇದಿಖತದ ಕರಡು ಬಂದಾಗ ಆ ವಾಕ್ಯದ ಕರ್ತೃ ನಾನಾಗಿದ್ದೆ. ವಾಕ್ಯ ಭೂತಕಾಲದಲ್ಲಿತ್ತು. ನಾವು ಮನೆ ನೋಡಿದ್ದು ಬೇಸಿಗೆಯಲ್ಲಿ, ಕಪಾಟು ಸೋಫಾಗಳು ಗೋಡೆ ಮುಚ್ಚಿದ್ದಾಗ. ಈಗ ಮಳೆಗಾಲ, ಮನೆ ಖಾಲಿ. ನೋಂದಣಿಗೆ ಎರಡು ದಿನ ಉಳಿದಿತ್ತು. ಅಪ್ಪನ ನಿವೃತ್ತಿಯ ದುಡ್ಡು ಮತ್ತು ಇಪ್ಪತ್ತು ವರ್ಷದ ಸಾಲ, ಎರಡೂ ಆ ಒಂದು ಸಾಲಿನ ಮೇಲೆ ನಿಂತಿದ್ದವು. ಇನ್ನೊಮ್ಮೆ ನೋಡುತ್ತೇವೆ ಎಂದು ಫೋನ್ ಮಾಡಿದೆ.

ಹೋಗುವ ಮುಂಚೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಓದಿಕೊಂಡೆ. ಬೇರೆ ಒಪ್ಪಂದ ಇಲ್ಲದಿದ್ದರೆ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಆದರೆ ಸಾಧಾರಣ ಎಚ್ಚರದಿಂದ ನೋಡಿದರೆ ಕಾಣುವ ದೋಷಕ್ಕೆ ಈ ರಕ್ಷಣೆ ಇಲ್ಲ; ಅದು ಕೊಳ್ಳುವವರ ಕಣ್ಣಿಗೆ ಬಿಟ್ಟದ್ದು. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಆಸ್ತಿಯ ಬಗ್ಗೆ ಕೇಳಿದ ಸಂಬಂಧಪಟ್ಟ ಪ್ರಶ್ನೆಗಳಿಗೆಲ್ಲ ಮಾರುವವರು ತಮಗೆ ತಿಳಿದಷ್ಟನ್ನು ಉತ್ತರಿಸಬೇಕು. ಅಂದರೆ ಕೇಳುವುದು ಅಧಿಕಪ್ರಸಂಗವಲ್ಲ; ಕೇಳಬಹುದೆಂದು ಕಾನೂನೇ ಎಣಿಸಿದೆ.

ತಂಗಿ ಜೊತೆಗೆ ಬಂದಳು. ನಲ್ಲಿಗಳನ್ನೆಲ್ಲ ಒಟ್ಟಿಗೆ ತೆರೆದು ನೀರಿನ ಒತ್ತಡ ನೋಡಿದೆವು. ಮೇನ್ ಸ್ವಿಚ್ ಆರಿಸಿ, ಕೆಳಗೆ ಮೀಟರು ನಿಂತಿದೆಯೇ ಎಂದು ನೋಡಿ, ಅದರ ನಂಬರನ್ನು ಬಿಲ್ಲಿಗೆ ತಾಳೆ ಹಾಕಿದೆವು. ಕಿಟಕಿಗಳನ್ನು ಜಾರಿಸಿದೆವು. ಸೊಸೈಟಿಯ ಬಾಕಿ, ಆಸ್ತಿ ತೆರಿಗೆಯ ರಸೀದಿ ಸರಿಯಿದ್ದವು. ಮಾರುತ್ತಿದ್ದ ಹಿರಿಯರು ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಖಾಲಿ ಮನೆಯಲ್ಲಿ ನಿಂತೇ ಕುಡಿದೆವು.

ಬಚ್ಚಲಿನ ಹೊರಗೋಡೆಯ ಬುಡದಲ್ಲಿ ಮೂರು ಅಡಿ ಅಗಲಕ್ಕೆ ಬಣ್ಣ ಹೊಸದಾಗಿತ್ತು. ಅವರ ಚಹಾ ಕೈಯಲ್ಲಿ ಹಿಡಿದು ಅವರ ಗೋಡೆಯನ್ನು ಅನುಮಾನಿಸುವುದು ನಮ್ಮ ಕಡೆಯವರಿಗೆ ಸುಲಭವಲ್ಲ. ತಂಗಿ ನನ್ನನ್ನೇ ನೋಡುತ್ತಿದ್ದಳು. ‘ಕಾಕಾ, ಇಷ್ಟಕ್ಕೇ ಯಾಕೆ ಬಣ್ಣ?’ ಎಂದು ಮರಾಠಿಯಲ್ಲಿ ಕೇಳಿದೆ.

ಅವರು ಲೋಟ ಕಿಟಕಿಯ ಕಟ್ಟೆಯ ಮೇಲಿಟ್ಟರು. ‘ಒಳಗಿನ ಪೈಪು. ಕೆಳಗಿನವರು ಎರಡು ಸಲ ಹೇಳಿದ್ದಾರೆ. ಮಗ ಬಣ್ಣ ಹೊಡೆಸು ಸಾಕು ಅಂದ.’ ಆಮೇಲೆ ತಾವಾಗಿಯೇ ನಮ್ಮನ್ನು ಕೆಳಗಿನ ಮನೆಗೆ ಕರೆದೊಯ್ದರು. ಅಪಾರ್ಟ್‌ಮೆಂಟಿನಲ್ಲಿ ನಮ್ಮ ಬಚ್ಚಲಿನ ದೋಷ ಹೆಚ್ಚಾಗಿ ಕಾಣುವುದು ಇನ್ನೊಬ್ಬರ ಛಾವಣಿಯಲ್ಲಿ. ಅಲ್ಲಿ ಹಳದಿ ಉಂಗುರವೊಂದು ತಟ್ಟೆಯಷ್ಟು ಹರಡಿತ್ತು.

ನೋಂದಣಿ ಹತ್ತು ದಿನ ಮುಂದೆ ಹೋಯಿತು. ದಲ್ಲಾಳಿ ಮುನಿಸಿಕೊಂಡ, ಇಷ್ಟಕ್ಕೆಲ್ಲ ಯಾರೂ ನಿಲ್ಲಿಸುವುದಿಲ್ಲ ಎಂದ. ಹಿರಿಯರು ಮಾತ್ರ ಹಗುರಾದಂತೆ ಕಂಡರು. ಟೈಲ್ಸ್ ಒಡೆಸಿ ಪೈಪು ಬದಲಿಸುವ, ಕೆಳಗಿನವರ ಛಾವಣಿಗೆ ಬಣ್ಣ ಹೊಡೆಸುವ ಖರ್ಚು ತಮ್ಮದು ಎಂದು ಬರೆದುಕೊಟ್ಟರು. ಮರಾಠಿಯಲ್ಲಿ ಆ ನಾಲ್ಕು ಸಾಲನ್ನು ಬರೆದವನು ನಾನು. ಓದಿ ಒಂದು ಕಾಗುಣಿತ ತಿದ್ದಿದವರು ಅವರು.

ಕೆಲಸ ಮುಗಿದ ಮೇಲೆ ಬಚ್ಚಲಿನ ತೂಬಿಗೆ ಬಟ್ಟೆ ತುರುಕಿ, ಎರಡು ಅಂಗುಲ ನೀರು ನಿಲ್ಲಿಸಿ, ಒಂದು ದಿನ ಬಿಟ್ಟೆವು. ಮರುದಿನ ನಮ್ಮ ಮನೆಗೆ ಹೋಗಲಿಲ್ಲ. ಕೆಳಗಿನವರ ಬಾಗಿಲು ತಟ್ಟಿದೆವು. ಅಲ್ಲಿಯ ಅಜ್ಜಿ ಸ್ಟೂಲು ಕೊಟ್ಟರು. ಹತ್ತಿ ಅಂಗೈ ಒತ್ತಿ ನೋಡಿದೆ. ಒಣಗಿತ್ತು.