ಕರೆಂಟ್ ಹೋದ್ರ ಫೋನೂ ಹೋತು

ನಮ್ಮ ಅತ್ತಿಯವರಿಗೆ ಟಚ್ ಫೋನ್ ಒಗ್ಗೂದಿಲ್ಲ. ಒಬ್ಬರಿಗೆ ಹಚ್ಚಲಿಕ್ಕೆ ಹೋದ್ರ ಇನ್ನೊಬ್ಬರಿಗೆ ಹೋಗ್ತದ. ‘ಇದನ್ನ ಬಂದ್ ಮಾಡ ನಮ್ಮವ್ವಾ’ ಅಂತ ನನ್ನ ಕೈಗೆ ಕೊಡ್ತಾರ. ಅವರಿಗೆ ಬೇಕಾದ್ದು ಗುಂಡಿ ಒತ್ತೋ ಮನಿ ಫೋನು.

ತಾಮ್ರದ ತಂತಿಯ ಹಳೇ ಲೈನು ಮಳಿಗಾಲದಾಗ ಬರೇ ಗರಗರ ಅಂತಿತ್ತು. ಅದನ್ನ ತಗಸಿ ಫೈಬರ್ ಹಾಕಿಸಿದ್ವಿ. ಇಂಟರ್ನೆಟ್ಟಿನ ಬಾಡಿಗಿಯೊಳಗ ದೇಶದ ತುಂಬ ಮಾತು ಪುಕ್ಕಟೆ ಅಂದ್ರು. ಹಳೇ ಫೋನಿನ ವಾಯರನ್ನೇ ಹೊಸ ಡಬ್ಬಿಗೆ ಸಿಗಿಸಿ ಹೋದ್ರು. ಅತ್ತಿಯವರು ಆವತ್ತ ಬೀಗರಿಗೆಲ್ಲಾ ಫೋನ್ ಹಚ್ಚಿ ಊಟಾನೂ ಮರತ್ರು.

ಒಂದಿನ ಸಂಜಿಮುಂದ ಗಾಳಿ ಮಳಿ ಬಂದು ಕರೆಂಟ್ ಹೋತು. ನಾ ಸಂತಿಗೆ ಹೋಗಿದ್ದೆ. ಅತ್ತಿಯವರಿಗೆ ಶುಗರ್ ಇಳದು ಕಣ್ಣಿಗೆ ಕತ್ತಲಿ ಬಂದದ. ಫೋನ್ ಎತ್ತಿದ್ರ ಸಪ್ಪಳನ ಇಲ್ಲ. ಗ್ವಾಡಿ ಹಿಡಕೊಂಡು ಹೋಗಿ ಬಾಜೂ ಮನಿ ವೈನಿ ಬಾಗಲಾ ಬಡದಾರ. ವೈನಿ ಸಕ್ಕರಿ ನೀರು ಕುಡಿಸಿದ್ರು. ನಾ ಬಂದಾಗ ‘ಏನೂ ಆಗಿಲ್ಲೇಳು’ ಅಂದ್ರು, ಆದ್ರ ಕೈ ಇನ್ನೂ ನಡಗತಿದ್ವು.

ಆಮ್ಯಾಲೆ ತಿಳೀತು. ತಾಮ್ರದ ತಂತಿಯೊಳಗ ಎಕ್ಸ್‌ಚೇಂಜಿನಿಂದನ 48 ವೋಲ್ಟ್ ಕರೆಂಟ್ ಬರ್ತಿತ್ತು, ಅದಕ್ಕ ಮನ್ಯಾಗ ದೀಪ ಇಲ್ಲದಿದ್ರೂ ಫೋನ್ ನಡೀತಿತ್ತು. ಫೈಬರ್ ಅಂದ್ರ ಗಾಜಿನ ಎಳಿ, ಅದರೊಳಗ ಬೆಳಕು ಹರೀತದ, ಕರೆಂಟ್ ಅಲ್ಲ. ಡಬ್ಬಿ ಆರಿದ್ರ ಫೋನೂ ಆರ್ತದ.

ಅದಕ್ಕ ಅಕ್ಕಂದಿರಾ, ಅಗ್ಗ ಅಂತ ಹಾಕಿಸೋಮುಂದ ಇಷ್ಟು ನೋಡ್ರಿ. ಡಬ್ಬಿಗೆ ಸಣ್ಣ ಯುಪಿಎಸ್ ತಗೋರಿ. ಡಬ್ಬಿಯ ಅಡಾಪ್ಟರ್ ಮ್ಯಾಲೆ ಬರದ ವೋಲ್ಟೇಜು, ನಮ್ಮದು 12, ಯುಪಿಎಸ್ಸಿಗೂ ಅಷ್ಟೇ ಇರಬೇಕು. ಆಂಪಿಯರ್ ಕಮ್ಮಿ ಇರಬಾರದು. ಕಾರ್ಡ್‌ಲೆಸ್ ಬ್ಯಾಡ, ಅದರ ಪೀಠಕ್ಕೂ ಕರೆಂಟ್ ಬೇಕು. ಮೊಬೈಲಿಗೆ ಹಚ್ಚೋಮುಂದ ಮೊದಲ ಸೊನ್ನಿ ಒತ್ತಬೇಕು, 2021ರ ಜನವರಿ 15ರಿಂದ ಹಂಗ ಅದ. ಇದನ್ನ ಫೋನಿನ ಬಾಜೂಕ ದೊಡ್ಡಾಗಿ ಬರದು ಹಚ್ರಿ. ಪರದೇಶದಾಗ ಮಕ್ಕಳಿದ್ರ ಆ ಕರೆಯ ದರಾ ಬ್ಯಾರೆನ ಕೇಳ್ರಿ, ಪುಕ್ಕಟೆ ಅಂದದ್ದು ದೇಶದೊಳಗಿಂದು. ಹೊರಗ ಲೈನ್ ಹರದ್ರ ಯುಪಿಎಸ್ಸೂ ಏನೂ ಮಾಡಂಗಿಲ್ಲ. ಅದಕ್ಕ ಗುಂಡಿಯ ಸಾದಾ ಮೊಬೈಲೊಂದು ಚಾರ್ಜ್ ಮಾಡಿ ಹಾಸಿಗಿ ಬಾಜೂಕ ಇಟ್ಟೇವಿ.

ಈಗ ತಿಂಗಳಿಗೊಮ್ಮೆ ನಾನ ಮೇನ್ ಸ್ವಿಚ್ ಆರಸ್ತೀನಿ. ಅತ್ತಿಯವರು ಮನಿ ಫೋನಿನಿಂದ ನನಗ ಹಚ್ತಾರ. ನಾ ಅಡಗಿಮನ್ಯಾಗ ನಿಂತು ಎತ್ತಿದ್ರ, ‘ಕೇಳಸ್ತದ ಏನ? ಹಂಗಾರ ಚಾ ಇಡು’ ಅಂತಾರ.