ಹಳೆಯ ಗರಗಸಕ್ಕೆ ಹೊಸ ಸರಪಳಿ

ನಮ್ಮ ತಂದೆಯವರು ಗದಗ ಜಿಲ್ಲೆಯಿಂದ ದುಡಿಮೆಗಾಗಿ ಗೋವಾದ ವಾಸ್ಕೋಕ್ಕೆ ಬಂದವರು. ಮೊದಲು ಗಾರೆ ಕೆಲಸ ಮಾಡಿದರು, ಆಮೇಲೆ ಮರ ಕೊಯ್ಯುವ ಕೆಲಸಕ್ಕೆ ಇಳಿದರು. ಅವರಲ್ಲಿ ಪೆಟ್ರೋಲಿನಿಂದ ಓಡುವ ಹಳೆಯ ಚೈನ್ ಗರಗಸವೊಂದಿದೆ. ಹಲವು ಕೈ ದಾಟಿ ಬಂದ ಯಂತ್ರ. ಅದರ ಮೇಲಿದ್ದ ಹೆಸರು, ಅಂಕಿ ಎಲ್ಲವೂ ಅಳಿಸಿಹೋಗಿವೆ. ನಮ್ಮ ಮನೆಯ ಒಲೆ ಉರಿಯುವುದು ಅದರಿಂದಲೇ ಎಂಬುದನ್ನು ನಾವು ಅಣ್ಣತಮ್ಮಂದಿರಿಬ್ಬರೂ ಚಿಕ್ಕಂದಿನಿಂದ ಬಲ್ಲೆವು.

2021ರ ಮೇ 16ರಂದು ತೌಕ್ತೆ ಚಂಡಮಾರುತವು ಗೋವಾ ಕರಾವಳಿಯನ್ನು ಬಡಿಯಿತು. ಮರಗಳು ಮನೆಗಳ ಮೇಲೂ ವಿದ್ಯುತ್ ತಂತಿಗಳ ಮೇಲೂ ಉರುಳಿದವು. ಕೊರೊನಾದಿಂದ ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದ ಅಪ್ಪನಿಗೆ ಎಲ್ಲ ಕಡೆಯಿಂದ ಕರೆ ಬರತೊಡಗಿತು. ಆದರೆ ಎರಡೇ ದಿನಗಳಲ್ಲಿ ಸವೆದಿದ್ದ ಸರಪಳಿ ತುಂಡಾಯಿತು.

ಹೊಸ ಸರಪಳಿ ತರುವ ಹೊಣೆ ನಮ್ಮ ಮೇಲೆ ಬಿತ್ತು. ನಮ್ಮ ಆನ್‌ಲೈನ್ ತರಗತಿಗಾಗಿ ಮೊಬೈಲ್ ಕೊಳ್ಳಲು ಅವ್ವ ಕೂಡಿಟ್ಟಿದ್ದ ಹಣವನ್ನೇ ಅಪ್ಪ ನಮ್ಮ ಕೈಗಿತ್ತರು. ನಾವು ಲೆಕ್ಕದಲ್ಲಿ ಜಾಣರೆಂಬ ಹೆಮ್ಮೆ ನಮಗಿತ್ತು. ಅಂಗಡಿಯವರು ಫೋನಿನಲ್ಲಿ ಹೇಳಿಕೊಟ್ಟಂತೆ ಅಕ್ಕಪಕ್ಕದ ಮೂರು ರಿವೆಟ್‌ಗಳನ್ನು ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದೆವು. 19 ಮಿಲಿಮೀಟರ್ ಬಂತು. ಅದರ ಅರ್ಧ ಒಂಬತ್ತೂವರೆ, ಅಂದರೆ ಇಂಚಿನ ಎಂಟರಲ್ಲಿ ಮೂರು ಪಾಲು. ಇದಕ್ಕೆ ಪಿಚ್ ಎನ್ನುತ್ತಾರೆ. ಸರಪಳಿಯನ್ನು ತಿರುಗಿಸುವ ಹಲ್ಲುಚಕ್ರದ ಪಿಚ್ ಕೂಡ ಅದೇ ಆಗಿರಬೇಕು. ಬಳಿಕ ಪಟ್ಟಿಯ ಸಂದಿನಲ್ಲಿ ಓಡುವ ಒಳಹಲ್ಲುಗಳನ್ನು ಎಣಿಸಿದೆವು, 68 ಇದ್ದವು. ಇವೆರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಸರಪಳಿ ತಂದೆವು.

ಸರಪಳಿ ಸರಿಯಾಗಿ ಕೂತಿತು. ಅಪ್ಪ ನಮ್ಮ ಬೆನ್ನು ತಟ್ಟಿದರು. ಮರುದಿನ ಒಂದು ಹಲಸಿನ ಮರವನ್ನು ಕೊಯ್ಯುತ್ತಿದ್ದಾಗ ಗರಗಸ ಓರೆಯಾಗಿ ಎಳೆಯತೊಡಗಿತು. ನೋಡನೋಡುತ್ತಿದ್ದಂತೆ ಸರಪಳಿ ಪಟ್ಟಿಯಿಂದ ಹಾರಿ ಅಪ್ಪನ ಮೊಣಕಾಲಿನ ಬಳಿ ಪ್ಯಾಂಟನ್ನು ಹರಿದುಹಾಕಿತು. ಚರ್ಮಕ್ಕೆ ತಾಗಲಿಲ್ಲ. ಟೊಂಗೆ ಎಳೆಯಲು ಹೋಗಿದ್ದ ನಾವು ನಿಂತಲ್ಲೇ ನಡುಗಿದೆವು.

ಸಂಜೆ ನೆರೆಮನೆಯ ಕಾಕಾ ಬಂದರು. ಅವರು ಧಾರವಾಡದ ಕಡೆಯವರು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. "ಹಲ್ಲು ಎಣಿಸೀರಿ, ಪಿಚ್ ಅಳದೀರಿ. ದಪ್ಪ ನೋಡೀರೇನು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ತಮ್ಮ ವರ್ನಿಯರ್ ಕ್ಯಾಲಿಪರ್ ತಂದು, ಹಳೆಯ ಸರಪಳಿಯ ಒಳಹಲ್ಲನ್ನು ಸವೆಯದ ಜಾಗದಲ್ಲಿ ಹಿಡಿದು ತೋರಿಸಿದರು: 1.5 ಮಿಲಿಮೀಟರ್. ಹೊಸದು 1.3. ಈ ದಪ್ಪಕ್ಕೆ ಗೇಜ್ ಎನ್ನುತ್ತಾರೆ. ಅದು ಪಟ್ಟಿಯ ಸಂದಿಗೆ ಹೊಂದಬೇಕು. ದಪ್ಪ ಹೆಚ್ಚಾದರೆ ಸರಪಳಿ ಒಳಗೇ ಇಳಿಯುವುದಿಲ್ಲ. ಕಡಿಮೆಯಾದರೆ ಇಳಿಯುತ್ತದೆ, ಆದರೆ ಅತ್ತಿತ್ತ ಹೊಯ್ದಾಡುತ್ತದೆ. "ಇಳೀದಿದ್ರ ಆಗಲೇ ತಿಳೀತಿತ್ತು. ಇಳದದ್ದಕ್ಕ ನೀವು ಮೋಸ ಹೋದ್ರಿ" ಎಂದರು ಕಾಕಾ.

ಉಪಯೋಗಿಸಿದ ಸರಪಳಿಯನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಅಪ್ಪ ಸಾಲ ಮಾಡಿ ಸರಿಯಾದುದನ್ನು ತಂದರು. ಆ ವರ್ಷ ನಾವಿಬ್ಬರೂ ಪಕ್ಕದ ಮನೆಯವರ ಮೊಬೈಲಿನಲ್ಲೇ ಪಾಠ ಕೇಳಿದೆವು. ಅಪ್ಪ ಮಾತ್ರ ಒಂದು ಮಾತೂ ಬೈಯಲಿಲ್ಲ. "ಹೋಗ್ಲಿ ಬಿಡ್ರಪಾ, ಕಾಲು ಉಳೀತಲ್ಲ" ಎಂದರು. ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಈಗಿನ ಸರಪಳಿಯ ಹಲ್ಲಿನ ಆಕಾರವನ್ನು ಅಮೆರಿಕದ ಒರೆಗಾನ್ ಪ್ರಾಂತದ ಜೋಸೆಫ್ ಕಾಕ್ಸ್ ಎಂಬವನು 1946ರಲ್ಲಿ ಕಂಡುಕೊಂಡನೆಂದು ಆಮೇಲೆ ಓದಿದೆವು. ಮರದ ಮೊರಡನ್ನು ಕೊರೆಯುತ್ತಿದ್ದ ಒಂದು ಹುಳುವಿನ ದವಡೆಗಳನ್ನು ನೋಡಿ ಅವನಿಗೆ ಆ ಯುಕ್ತಿ ಹೊಳೆಯಿತಂತೆ. ಅವನು ಹುಳುವಿನ ದವಡೆಯನ್ನೂ ಬಿಡದೆ ನೋಡಿದ. ನಾವೋ, ಕೈಯಲ್ಲಿದ್ದ ಸರಪಳಿಯನ್ನೇ ಪೂರ್ತಿ ನೋಡಲಿಲ್ಲ.

ಮೂರು ಅಳತೆಗಳಲ್ಲಿ ಎರಡು ಸರಿಯಾಗಿದ್ದರೆ ಪರೀಕ್ಷೆಯಲ್ಲಿ ಅರವತ್ತಾರು ಅಂಕ ಸಿಕ್ಕೀತು, ಪಾಸಾದೇವು. ಗರಗಸದ ಮುಂದೆ ಆ ಲೆಕ್ಕ ನಡೆಯದು. ಈಗ ಅಪ್ಪ ಸರಪಳಿ ಬದಲಿಸುವಾಗಲೆಲ್ಲ ನಾವು ಚೀಟಿ ಬರೆಯುತ್ತೇವೆ: ಪಿಚ್, ಗೇಜ್, ಒಳಹಲ್ಲುಗಳ ಎಣಿಕೆ. ಆ ಹರಿದ ಪ್ಯಾಂಟನ್ನು ಅವ್ವ ಹೊಲಿದು ಕೊಟ್ಟಿದ್ದಾಳೆ. ಅಪ್ಪ ಅದನ್ನು ಇನ್ನೂ ತೊಡುತ್ತಾರೆ.